ಗರ್ಭಕೋಶದ ಸಾಮಾನ್ಯ ತೊಂದರೆಗಳು ಮತ್ತು ಅವುಗಳ ಚಿಕಿತ್ಸೆ

(ದಂಪತಿಗಳು ಕೂಡಿ ಓದತಕ್ಕ ಪಾಠ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆ. 2021ರಲ್ಲಿ ವಿಜಯನಗರ ಜಿಲ್ಲೆಯು ರಚನೆಯಾದಾಗ ಹೊಸಪೇಟೆಯೊಡನೆ ಈ ಐದು ತಾಲ್ಲೂಕುಗಳೂ ಆ ಜಿಲ್ಲೆಗೆ ಸೇರಿದವು. ಜೋಳ, ಶೇಂಗಾ, ಮೆಕ್ಕೆಜೋಳ ಬೆಳೆಯುವ ಇಲ್ಲಿನ ಮನೆಗಳಲ್ಲಿ ಹೆಣ್ಣುಮಕ್ಕಳ ದುಡಿಮೆಯು ಗಂಡಸರ ದುಡಿಮೆಗಿಂತ ಕಡಿಮೆಯದಲ್ಲ. ಕಳೆ ತೆಗೆಯುವುದು, ನೀರು ಹೊರುವುದು, ಸೌದೆ ತರುವುದು, ಅಡಿಗೆ, ಮಕ್ಕಳ ಪಾಲನೆ ಎಲ್ಲವೂ ಅವರ ಪಾಲಿನವೇ. ಮಳೆ ಕೈಕೊಟ್ಟ ವರ್ಷದಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ ಊರು ಬಿಡುವ ಕುಟುಂಬಗಳೂ ಉಂಟು.

ಇಂಥ ದುಡಿಮೆಯ ನಡುವೆ ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗತೊಡಗಿದರೆ, ಕಿಬ್ಬೊಟ್ಟೆ ನೋಯತೊಡಗಿದರೆ, ಬಿಳಿಸೆರಗು ಕಾಡತೊಡಗಿದರೆ, ಹೆಂಗಸರು ಅದನ್ನು ಬಹುಕಾಲ ಯಾರಿಗೂ ಹೇಳದೆ ಸಹಿಸುತ್ತಾರೆ. ಸಹಿಸಲು ಆಗದೆ ಹೋದಾಗ ಮನೆಯಲ್ಲಿಯೋ ನೆರೆಯಲ್ಲಿಯೋ ಒಂದು ಮಾತು ಕೇಳಿಬರುತ್ತದೆ: "ಹೇಗೂ ಮಕ್ಕಳಾಗಿವೆ, ಇನ್ನು ಗರ್ಭಚೀಲ ಯಾತಕ್ಕೆ? ತೆಗೆಸಿಬಿಟ್ಟರೆ ಪೀಡೆ ಹೋಯಿತು." ಈ ಮಾತು ಸರಿಯೇ? ಗರ್ಭಕೋಶದ ತೊಂದರೆಗಳಿಗೆ ಅದನ್ನು ತೆಗೆದುಹಾಕುವುದೊಂದೇ ಮಾರ್ಗವೇ? ಇದನ್ನು ನೀವಿಬ್ಬರೂ ಕೂಡಿ ತಿಳಿದುಕೊಳ್ಳಲೆಂದು ಈ ಪಾಠವನ್ನು ಬರೆದಿದೆ.

ಗರ್ಭಕೋಶವೆಂದರೇನು?

ಗರ್ಭಕೋಶವು ಕಿಬ್ಬೊಟ್ಟೆಯೊಳಗೆ ಮೂತ್ರಕೋಶದ ಹಿಂಭಾಗದಲ್ಲಿರುವ ದಪ್ಪ ಸ್ನಾಯುವಿನ ಚೀಲ. ಬಸುರಿಲ್ಲದಾಗ ಅದರ ಉದ್ದ ಸುಮಾರು 3 ಅಂಗುಲ. ಬುಡ ಮೇಲಾಗಿ ಹಿಡಿದ ಸಣ್ಣ ಪೇರಲ ಹಣ್ಣಿನಂತೆ ಅದರ ಆಕಾರ. ಕೆಳಗಿನ ಕಿರಿದಾದ ಭಾಗಕ್ಕೆ ಗರ್ಭಕಂಠವೆಂದು ಹೆಸರು. ಎರಡು ಪಕ್ಕಗಳಲ್ಲಿಯೂ ಒಂದೊಂದು ಗರ್ಭನಾಳ, ಅವುಗಳ ತುದಿಯ ಬಳಿ ಒಂದೊಂದು ಅಂಡಾಶಯ ಇರುತ್ತವೆ.

ಅಂಡಾಶಯಗಳು ಹಾರ್ಮೋನುಗಳೆಂಬ ರಸಗಳನ್ನು ಉತ್ಪಾದಿಸುತ್ತವೆ. ಇವುಗಳ ಪ್ರಭಾವದಿಂದ ಗರ್ಭಕೋಶದ ಒಳಪದರವು ತಿಂಗಳು ತಿಂಗಳೂ ಬೆಳೆದು, ಗರ್ಭ ನಿಲ್ಲದಿದ್ದರೆ ಕಳಚಿ ಮುಟ್ಟಾಗಿ ಹೊರಬರುತ್ತದೆ. ಅದು ಕೆಟ್ಟ ರಕ್ತವೂ ಅಲ್ಲ, ಮೈಲಿಗೆಯೂ ಅಲ್ಲ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ 21ರಿಂದ 35 ದಿನಗಳ ಅಂತರವಿರುವುದು ಸಹಜ. ಸ್ರಾವವು ಒಂದು ವಾರದೊಳಗೆ ನಿಲ್ಲಬೇಕು. ನಲವತ್ತೈದು ದಾಟಿದ ಬಳಿಕ ಬಹುಮಂದಿಗೆ ಮುಟ್ಟು ತಾನಾಗಿಯೇ ಏರುಪೇರಾಗಿ, ಐವತ್ತರ ಆಸುಪಾಸಿನಲ್ಲಿ ನಿಂತುಹೋಗುತ್ತದೆ.

1. ಅತಿಯಾದ ಮುಟ್ಟಿನ ಸ್ರಾವ

ಗಂಟೆಗೊಮ್ಮೆ ಎರಡು ಗಂಟೆಗೊಮ್ಮೆ ಬಟ್ಟೆ ಬದಲಾಯಿಸಬೇಕಾದರೆ, ದೊಡ್ಡ ಗಡ್ಡೆಗಳಾಗಿ ರಕ್ತ ಬಿದ್ದರೆ, ಏಳೆಂಟು ದಿನಗಳಿಗೂ ಮೀರಿ ಹೋಗುತ್ತಿದ್ದರೆ, ಅದು ಅತಿಸ್ರಾವ. ಇದರಿಂದ ರಕ್ತಹೀನತೆಯುಂಟಾಗಿ ಆಯಾಸ, ತಲೆಸುತ್ತು, ಎದೆಬಡಿತ ತೋರುತ್ತವೆ.

ಹಾರ್ಮೋನುಗಳ ಏರುಪೇರು, ಗರ್ಭಕೋಶದ ಗಡ್ಡೆ, ಥೈರಾಯ್ಡ್ ಗ್ರಂಥಿಯ ದೋಷ ಮೊದಲಾದವು ಇದಕ್ಕೆ ಕಾರಣವಾಗಬಹುದು. ಮುಟ್ಟು ತಪ್ಪಿದ ಬಳಿಕ ರಕ್ತ ಕಂಡರೆ ಗರ್ಭಪಾತವಿರಬಹುದೇ ಎಂಬುದನ್ನು ಮೊದಲು ನೋಡತಕ್ಕದ್ದು. ತಾಮ್ರದ ವಂಕಿ, ಎಂದರೆ ಕಾಪರ್-ಟಿ, ಹಾಕಿಸಿಕೊಂಡ ಮೊದಲ ಕೆಲವು ತಿಂಗಳು ಸ್ರಾವ ಹೆಚ್ಚಾಗುವುದುಂಟು. ಬಹುಮಂದಿಗೆ ಅದು ಕ್ರಮೇಣ ಕಡಿಮೆಯಾಗುತ್ತದೆ.

ಚಿಕಿತ್ಸೆಯು ಮೆಟ್ಟಿಲು ಮೆಟ್ಟಿಲಾಗಿ ನಡೆಯಬೇಕು. ಮೊದಲನೆಯದು ರಕ್ತಪರೀಕ್ಷೆ ಮತ್ತು ಕಬ್ಬಿಣಾಂಶದ ಮಾತ್ರೆ. ಮಾತ್ರೆಯನ್ನು ಚಹಾದೊಡನೆ ನುಂಗದೆ, ನಿಂಬೆರಸ ಬೆರೆಸಿದ ನೀರಿನೊಡನೆ ತೆಗೆದುಕೊಂಡರೆ ಮೈಗೆ ಹೆಚ್ಚು ಹತ್ತುತ್ತದೆ. ಪುಂಡಿಪಲ್ಲೆ, ಇತರ ಸೊಪ್ಪು, ಕಾಳು, ಸಜ್ಜೆ, ಶೇಂಗಾ ಊಟದಲ್ಲಿರಲಿ. ಎರಡನೆಯದು ಮುಟ್ಟಿನ ದಿನಗಳಲ್ಲಿ ಮಾತ್ರ ನುಂಗುವ, ಸ್ರಾವವನ್ನೂ ನೋವನ್ನೂ ತಗ್ಗಿಸುವ ಮಾತ್ರೆಗಳು. ಮೂರನೆಯದು ಹಾರ್ಮೋನು ಮಾತ್ರೆಗಳು. ಸಂತಾನ ನಿಯಂತ್ರಣದ ಮಾತ್ರೆಗಳೂ ಸ್ರಾವವನ್ನು ಕಡಿಮೆ ಮಾಡುತ್ತವೆ. ನಾಲ್ಕನೆಯದು ಹಾರ್ಮೋನುಳ್ಳ ವಂಕಿ. ಇದನ್ನು ಗರ್ಭಕೋಶದೊಳಗೆ ಇರಿಸಿದರೆ ಹಲವು ವರ್ಷ ಕೆಲಸ ಮಾಡುತ್ತದೆ. ಬಹುಮಂದಿಯಲ್ಲಿ ಸ್ರಾವವು ಬಹಳ ಇಳಿಯುತ್ತದೆ. ವಯಸ್ಸು ನಲವತ್ತು ನಲವತ್ತೈದು ದಾಟಿದ್ದರೆ, ಹಾರ್ಮೋನು ಕೊಡುವ ಮೊದಲು ಒಳಪದರದ ತುಣುಕನ್ನು ತೆಗೆದು ಪರೀಕ್ಷಿಸುವುದುಂಟು. ಅದು ಪರೀಕ್ಷೆಯೇ ಹೊರತು ಗರ್ಭಕೋಶ ತೆಗೆಯುವುದಲ್ಲ.

ಇಲ್ಲಿ ಒಂದು ಎಚ್ಚರಿಕೆ. ಕೊಟ್ಟೂರಿನ ತೇರು, ಮೈಲಾರದ ಜಾತ್ರೆ, ಮನೆಯ ಮದುವೆ ಎಂದು ಮುಟ್ಟು ಮುಂದೂಡುವ ಮಾತ್ರೆಯನ್ನು ಔಷಧದಂಗಡಿಯಿಂದ ತಾವೇ ತಂದು ನುಂಗುವುದು ಸರಿಯಲ್ಲ. ಅದೂ ಹಾರ್ಮೋನೇ. ಕೆಲವರಿಗೆ ಅದು ಒಗ್ಗುವುದಿಲ್ಲ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳತಕ್ಕದ್ದು.

2. ಗರ್ಭಕೋಶದ ಗಡ್ಡೆಗಳು

ಸ್ಕ್ಯಾನಿಂಗ್ ಮಾಡಿಸಿದಾಗ "ಗಡ್ಡೆ ಇದೆ" ಎಂದ ಕೂಡಲೇ ಮನೆಯವರೆಲ್ಲ ಕಂಗಾಲಾಗುತ್ತಾರೆ. ಫೈಬ್ರಾಯ್ಡ್ ಎನ್ನುವ ಈ ಗಡ್ಡೆಗಳು ಗರ್ಭಕೋಶದ ಸ್ನಾಯುವಿನಿಂದಲೇ ಬೆಳೆಯುತ್ತವೆ. ಸಾಸಿವೆಯಷ್ಟಿರಬಹುದು, ತೆಂಗಿನಕಾಯಿಯಷ್ಟೂ ಆಗಬಹುದು. ಇವು ಅತಿ ಸಾಮಾನ್ಯ. ಅನೇಕರಿಗೆ ಇರುವುದೇ ತಿಳಿಯದೆ ಜೀವಮಾನ ಕಳೆಯುತ್ತದೆ. ಇವು ಕ್ಯಾನ್ಸರ್ ಆಗಿರುವುದು ತೀರ ಅಪರೂಪ. ಮುಟ್ಟು ನಿಂತ ಬಳಿಕ ಸಾಮಾನ್ಯವಾಗಿ ಕುಗ್ಗುತ್ತವೆ.

ಆದುದರಿಂದ ತೊಂದರೆ ಕೊಡದ ಗಡ್ಡೆಗೆ ಚಿಕಿತ್ಸೆಯೇ ಬೇಕಿಲ್ಲ. ವೈದ್ಯರು ಹೇಳಿದ ಅವಧಿಗೊಮ್ಮೆ ತೋರಿಸಿಕೊಂಡರೆ ಸಾಕು. ಸ್ರಾವ ಹೆಚ್ಚಿದ್ದರೆ ಮೇಲೆ ಹೇಳಿದ ಔಷಧಗಳಿವೆ. ಇನ್ನೂ ಮಕ್ಕಳು ಬೇಕಾದವರಿಗೆ ಗರ್ಭಕೋಶವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಯುಂಟು. ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ಗಡ್ಡೆಗೆ ಹೋಗುವ ರಕ್ತನಾಳವನ್ನು ಮುಚ್ಚಿ ಅದನ್ನು ಕುಗ್ಗಿಸುವ ವಿಧಾನವೂ ಉಂಟು. ಹಡಗಲಿಯ ಮಲ್ಲಿಗೆ ಬೆಳೆಗಾರನು ಒಂದು ಕೊಂಬೆಗೆ ರೋಗ ಬಂದರೆ ಕೊಂಬೆಯನ್ನು ಸವರುತ್ತಾನೆ. ಗಿಡವನ್ನೇ ಬೇರುಸಹಿತ ಕೀಳುವುದಿಲ್ಲ.

3. ಗರ್ಭಕೋಶ ಜಾರುವುದು

ಗರ್ಭಕೋಶವನ್ನು ಎತ್ತಿ ಹಿಡಿದಿರುವ ಸ್ನಾಯುಗಳು ಸಡಿಲವಾದರೆ ಅದು ಕೆಳಗೆ ಜಾರುತ್ತದೆ. "ಏನೋ ಕೆಳಗೆ ಇಳಿದಂತಾಗುತ್ತದೆ" ಎಂದು ಹೆಂಗಸರು ಹೇಳುತ್ತಾರೆ. ಸೊಂಟನೋವು, ಕೆಮ್ಮಿದಾಗ ಮೂತ್ರ ಸೋರುವುದು, ಗರ್ಭಕೋಶ ಯೋನಿದ್ವಾರದವರೆಗೆ ಬರುವುದು ಇದರ ಲಕ್ಷಣಗಳು. ಮೇಲಿಂದ ಮೇಲೆ ಹೆರಿಗೆಯಾಗುವುದು, ಬಾಣಂತಿಯು ಬೇಗನೆ ಭಾರ ಹೊರುವುದು, ಬಹುಕಾಲದ ಕೆಮ್ಮು, ಮಲಬದ್ಧತೆ ಇವು ಕಾರಣಗಳು.

ಪ್ರಾರಂಭದಲ್ಲಿ ವ್ಯಾಯಾಮವೇ ಚಿಕಿತ್ಸೆ. ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವ ಸ್ನಾಯುಗಳನ್ನು ಬಿಗಿದು, ಐದು ಎಣಿಸುವವರೆಗೆ ಹಿಡಿದು ಸಡಿಲಿಸಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಬಾರಿ, ಕಡಿಮೆಯೆಂದರೂ ಮೂರು ತಿಂಗಳು ಮಾಡತಕ್ಕದ್ದು. ಇದಕ್ಕೆ ಹಣ ಬೇಡ, ಏಕಾಂತವೂ ಬೇಡ. ರೊಟ್ಟಿ ತಟ್ಟುತ್ತಲೂ ಮಾಡಬಹುದು. ಇನ್ನೂ ಹೆಚ್ಚಾಗಿ ಜಾರಿದ್ದರೆ ಯೋನಿಯೊಳಗೆ ಬಳೆಯಂಥ ಉಂಗುರವನ್ನಿಟ್ಟು ಗರ್ಭಕೋಶವನ್ನು ಮೇಲೆ ನಿಲ್ಲಿಸಬಹುದು. ಅದನ್ನು ಕೆಲವು ತಿಂಗಳಿಗೊಮ್ಮೆ ತೆಗೆದು ಶುಚಿಗೊಳಿಸಬೇಕು. ಪೂರ್ಣವಾಗಿ ಹೊರಬಂದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆಗಲೂ ಸಡಿಲವಾದ ಸ್ನಾಯುಗಳನ್ನು ಬಿಗಿ ಮಾಡುವುದು ಮುಖ್ಯ. ಗರ್ಭಕೋಶವನ್ನು ತೆಗೆದ ಮಾತ್ರಕ್ಕೆ ಸ್ನಾಯುಗಳು ಬಿಗಿಯಾಗವು.

ಹೆರಿಗೆಯಾದ ಆರು ವಾರಗಳವರೆಗೆ ಬಾಣಂತಿಯು ತುಂಬಿದ ಕೊಡವನ್ನಾಗಲಿ, ಸೌದೆಯ ಹೊರೆಯನ್ನಾಗಲಿ ಎತ್ತಬಾರದು. ಆ ಕೆಲಸ ಪತಿಯದು.

4. ಬಿಳಿಸೆರಗು ಮತ್ತು ಸೋಂಕು

ಎರಡು ಮುಟ್ಟುಗಳ ನಡುವೆ ಮೊಟ್ಟೆಯ ಬಿಳಿಯಂತೆ ಸ್ವಲ್ಪ ದ್ರವ ಹೋಗುವುದು ಸಹಜ. ಅದರಿಂದ ಮೈಯ ಶಕ್ತಿಯೂ ಸೋರುವುದಿಲ್ಲ, ಎಲುಬೂ ಕರಗುವುದಿಲ್ಲ. ದುರ್ವಾಸನೆ, ನವೆ, ಉರಿ, ಹಳದಿ ಅಥವಾ ಹಸಿರು ಬಣ್ಣ, ಮೊಸರಿನಂತೆ ಒಡೆದ ಸ್ರಾವ ಕಂಡರೆ ಮಾತ್ರ ಅದು ಸೋಂಕು. ಜೊತೆಗೆ ಜ್ವರ, ಕಿಬ್ಬೊಟ್ಟೆಯ ನೋವಿದ್ದರೆ ಸೋಂಕು ಮೇಲೇರಿದೆ ಎಂದು ತಿಳಿದು ಅಂದೇ ವೈದ್ಯರ ಬಳಿ ಹೋಗತಕ್ಕದ್ದು.

ಇದಕ್ಕೆ ಔಷಧಗಳಿವೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುತ್ತವೆ. ಲೈಂಗಿಕ ಸಂಪರ್ಕದಿಂದ ಬಂದ ಸೋಂಕಾಗಿದ್ದರೆ ಪತಿಪತ್ನಿಯರಿಬ್ಬರೂ ಒಟ್ಟಿಗೆ ಔಷಧ ಮುಗಿಸಬೇಕು, ಅಲ್ಲಿಯವರೆಗೆ ಕೂಡಬಾರದು. ಪತ್ನಿಯೊಬ್ಬಳೇ ಔಷಧ ತೆಗೆದುಕೊಂಡರೆ ರೋಗವು ಮತ್ತೆ ಮರಳುತ್ತದೆ. ಸಾಮಾನ್ಯ ಬಿಳಿಸೆರಗಿಗೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯೇ ಅಲ್ಲ.

5. "ಹಾಗೆಯೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ" ಎಂಬ ಭಯ

ಈ ಒಂದು ಮಾತಿಗೆ ಹೆದರಿ ಗರ್ಭಕೋಶ ತೆಗೆಸಿಕೊಂಡವರು ಅನೇಕರು. ಸತ್ಯವೇನೆಂಬುದನ್ನು ತಿಳಿಯಿರಿ. ಗರ್ಭಕಂಠದ ಕ್ಯಾನ್ಸರಿಗೆ ಬಹುಮಟ್ಟಿಗೆ ಕಾರಣ ಎಚ್.ಪಿ.ವಿ. ಎಂಬ ವೈರಾಣು. ಸೋಂಕು ತಗುಲಿದ ಹೆಚ್ಚಿನವರಲ್ಲಿ ಅದು ತಾನಾಗಿಯೇ ಹೋಗುತ್ತದೆ. ಉಳಿದುಕೊಂಡವರಲ್ಲಿಯೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತಾರು ವರ್ಷ ಹಿಡಿಯುತ್ತದೆ. ಆ ಅವಧಿಯಲ್ಲಿ ಪರೀಕ್ಷೆಯಿಂದ ಅದನ್ನು ಕಂಡುಹಿಡಿದು ತಡೆಯಬಹುದು.

30ರಿಂದ 65 ವರ್ಷದ ಪ್ರತಿಯೊಬ್ಬ ಮಹಿಳೆಯೂ ಐದು ವರ್ಷಕ್ಕೊಮ್ಮೆ ಗರ್ಭಕಂಠದ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದ ಸಲಹೆ. ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲವನ್ನು ಸವರಿ ಒಂದು ನಿಮಿಷ ನೋಡುತ್ತಾರೆ; ನೋವಿಲ್ಲ, ಕೊಯ್ತವಿಲ್ಲ. ಬಿಳಿಯ ಮಚ್ಚೆ ಕಂಡರೆ ಅದೇ ಕ್ಯಾನ್ಸರ್ ಎಂದಲ್ಲ. ಮುಂದಿನ ಪರೀಕ್ಷೆ ಬೇಕೆಂದಷ್ಟೇ ಅರ್ಥ. ಕ್ಯಾನ್ಸರಿಗೆ ಮುಂಚಿನ ಸ್ಥಿತಿಯಾಗಿದ್ದರೆ ಆ ಭಾಗವನ್ನು ತಂಪಿನಿಂದಲೋ ಶಾಖದಿಂದಲೋ ನಾಶಮಾಡಬಹುದು, ಅಥವಾ ಅಷ್ಟನ್ನೇ ಕತ್ತರಿಸಿ ತೆಗೆಯಬಹುದು. ಹೆಣ್ಣುಮಕ್ಕಳಿಗೆ 9ರಿಂದ 14ನೆಯ ವಯಸ್ಸಿನಲ್ಲಿ ಲಸಿಕೆ ಹಾಕಿಸಿದರೆ ಈ ವೈರಾಣುವಿನಿಂದ ಉತ್ತಮ ರಕ್ಷಣೆ ದೊರೆಯುತ್ತದೆ.

ಆದರೆ ಸಂಭೋಗದ ಬಳಿಕ ರಕ್ತ, ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ, ದುರ್ವಾಸನೆಯ ರಕ್ತಮಿಶ್ರಿತ ಸ್ರಾವ, ಈ ಮೂರನ್ನು ಎಂದಿಗೂ ಅಲಕ್ಷಿಸಕೂಡದು. ನಾಚಿಕೆಯಿಂದ ಮುಚ್ಚಿಟ್ಟ ದಿನಗಳೇ ರೋಗಕ್ಕೆ ಬಲ.

ಗರ್ಭಕೋಶವನ್ನು ಯಾವಾಗ ತೆಗೆಯಬೇಕು?

ಗರ್ಭಕೋಶದ ಕ್ಯಾನ್ಸರ್, ಔಷಧಗಳಿಗೆ ಬಗ್ಗದ ಅತಿಸ್ರಾವ, ಬಹಳ ತೊಂದರೆ ಕೊಡುವ ದೊಡ್ಡ ಗಡ್ಡೆ, ಪೂರ್ಣವಾಗಿ ಜಾರಿದ ಗರ್ಭಕೋಶ, ಹೆರಿಗೆಯ ಕಾಲದಲ್ಲಿ ನಿಲ್ಲದ ರಕ್ತಸ್ರಾವ, ಇಂಥ ಸಂದರ್ಭಗಳಲ್ಲಿ ಈ ಶಸ್ತ್ರಚಿಕಿತ್ಸೆಯು ಜೀವ ಉಳಿಸುತ್ತದೆ, ಬದುಕನ್ನು ಹಗುರಗೊಳಿಸುತ್ತದೆ. ಅಂಥ ಅಗತ್ಯವಿದ್ದಾಗ ಹೆದರಿ ಹಿಂಜರಿಯಬಾರದು.

ತೆಗೆದ ಬಳಿಕ ಮುಟ್ಟಾಗದು, ಬಸುರು ನಿಲ್ಲದು. ಸುಮಾರು ಆರು ವಾರ ಭಾರದ ಕೆಲಸ ಸಲ್ಲದು. ಚೇತರಿಸಿಕೊಂಡ ಮೇಲೆ ದಾಂಪತ್ಯ ಜೀವನಕ್ಕೆ ಅಡ್ಡಿಯಿಲ್ಲ. ಹೆಣ್ಣು ಹೆಣ್ಣಾಗಿಯೇ ಉಳಿಯುತ್ತಾಳೆ. ಆದರೆ ಗರ್ಭಕೋಶದೊಡನೆ ಎರಡೂ ಅಂಡಾಶಯಗಳನ್ನು ತೆಗೆದರೆ, ಮುಟ್ಟು ನಿಲ್ಲುವ ವಯಸ್ಸಿನ ಎಲ್ಲ ಬದಲಾವಣೆಗಳೂ ಅಂದೇ ಪ್ರಾರಂಭವಾಗುತ್ತವೆ: ಮೈ ಬಿಸಿಯೇರಿ ಬೆವರುವುದು, ನಿದ್ರೆ ಕೆಡುವುದು, ಎಲುಬು ಸವೆಯುವುದು. ಮುಂದೆ ಹೃದ್ರೋಗದ ಸಂಭವವೂ ಹೆಚ್ಚು. ಅಂಡಾಶಯಗಳನ್ನು ಉಳಿಸಿದರೂ ಕೆಲವರಲ್ಲಿ ಅವು ಬೇಗ ಸೊರಗುತ್ತವೆ. ಮೂವತ್ತರ ಹೆಣ್ಣುಮಗಳಿಗೆ ಐವತ್ತರ ಎಲುಬು ಬಂದರೆ ಅವಳು ಕಳೆ ತೆಗೆಯುವುದು ಹೇಗೆ, ಕಬ್ಬಿನ ಹೊರೆ ಎತ್ತುವುದು ಹೇಗೆ? ಕೂಲಿ ತಪ್ಪಬಾರದೆಂದು ಮಾಡಿಸಿದ ಶಸ್ತ್ರಚಿಕಿತ್ಸೆಯೇ ಕೂಲಿಯನ್ನು ಕಸಿದೀತು.

ಇನ್ನೊಂದು ತಪ್ಪು ಗ್ರಹಿಕೆಯನ್ನೂ ಬಿಡಬೇಕು. ಮಕ್ಕಳಾಗದಂತೆ ಮಾಡಿಸುವ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಬೇರೆ. ಅದರಲ್ಲಿ ಗರ್ಭನಾಳಗಳನ್ನು ಮಾತ್ರ ಕಟ್ಟುತ್ತಾರೆ. ಗರ್ಭಕೋಶವೂ ಅಂಡಾಶಯಗಳೂ ಇದ್ದಲ್ಲಿಯೇ ಇರುತ್ತವೆ, ಮುಟ್ಟೂ ಆಗುತ್ತದೆ. ಕುಟುಂಬ ಮಿತಿಗೊಳಿಸಲು ಗರ್ಭಕೋಶ ತೆಗೆಸುವ ಅಗತ್ಯ ಎಂದಿಗೂ ಇಲ್ಲ. ಪುರುಷರ ಸಂತಾನಹರಣ ಚಿಕಿತ್ಸೆಯಂತೂ ಇನ್ನೂ ಸರಳ. ಅಂದೇ ಮನೆಗೆ ಹಿಂದಿರುಗಬಹುದು, ಪುರುಷತ್ವಕ್ಕೆ ಕುಂದಿಲ್ಲ.

ಕಲಬುರಗಿಯಿಂದ ಕಲಿಯಬೇಕಾದ ಪಾಠ

2015ರಲ್ಲಿ ನಮ್ಮ ರಾಜ್ಯದ ಕಲಬುರಗಿ ಜಿಲ್ಲೆಯಲ್ಲಿ ಒಂದು ಸಂಗತಿ ಹೊರಬಿದ್ದಿತು. ತಾಂಡಾಗಳ ಲಂಬಾಣಿ ಮಹಿಳೆಯರೂ ಇತರ ಬಡ ಮಹಿಳೆಯರೂ ಹೊಟ್ಟೆನೋವು, ಬಿಳಿಸೆರಗು ಎಂದು ಆಸ್ಪತ್ರೆಗೆ ಹೋದಾಗ, ಅವರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆಯಲಾಗಿದೆ ಎಂಬ ದೂರು ಬಂದಿತು. ಆರೋಗ್ಯ ಇಲಾಖೆಯು ವಿಚಾರಣೆ ನಡೆಸಿತು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಣ್ಣಾಳುಗಳ ವಿಷಯದಲ್ಲಿಯೂ ಇಂಥದೇ ಸುದ್ದಿ ಬಂದು ಆ ರಾಜ್ಯ ಸರ್ಕಾರವು ಸಮಿತಿ ನೇಮಿಸಿತು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳಲ್ಲಿಯೂ ತಾಂಡಾಗಳು ಬಹಳ. ಇಲ್ಲಿಂದಲೂ ಜನ ಕಬ್ಬಿನ ಕೆಲಸಕ್ಕೆ ಹೋಗುತ್ತಾರೆ. ಆದುದರಿಂದ ಇದು ದೂರದ ಊರಿನ ಕಥೆಯೆಂದು ಭಾವಿಸಬೇಡಿ.

2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವರ್ಷದ ಪ್ರತಿ 100 ಮಹಿಳೆಯರಲ್ಲಿ ಸುಮಾರು 3 ಮಂದಿಗೆ ಗರ್ಭಕೋಶ ತೆಗೆಯಲಾಗಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕೊಟ್ಟ ಕಾರಣ ಮುಟ್ಟಿನ ಅತಿಸ್ರಾವ ಅಥವಾ ನೋವು, ಅಂದರೆ ಔಷಧಗಳಿಂದ ಮೊದಲು ಪ್ರಯತ್ನಿಸಬಹುದಾದ ತೊಂದರೆ. 2023ರ ಏಪ್ರಿಲ್ 5ರಂದು ಸರ್ವೋಚ್ಚ ನ್ಯಾಯಾಲಯವು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಈ ಶಸ್ತ್ರಚಿಕಿತ್ಸೆ ಮಾಡಕೂಡದು. ತಿಳಿಯದೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಾಗಲಾರದು.

ವೈದ್ಯರನ್ನು ಕೇಳಬೇಕಾದ ಐದು ಪ್ರಶ್ನೆಗಳು

ಯಾರಾದರೂ "ಗರ್ಭಕೋಶ ತೆಗೆಯಬೇಕು" ಎಂದರೆ ಇವನ್ನು ವಿನಯದಿಂದ, ಆದರೆ ತಪ್ಪದೆ ಕೇಳಿರಿ:

1. ನನಗಿರುವ ರೋಗದ ಹೆಸರೇನು? ಅದನ್ನು ಯಾವ ಪರೀಕ್ಷೆಯಿಂದ ಕಂಡುಕೊಂಡಿರಿ?
2. ಔಷಧ, ವಂಕಿ, ಉಂಗುರ, ವ್ಯಾಯಾಮ ಇವುಗಳಲ್ಲಿ ಯಾವುದನ್ನು ಮೊದಲು ಪ್ರಯತ್ನಿಸಬಹುದು?
3. ಕೆಲವು ವಾರ ಕಾದರೆ ಅಪಾಯವುಂಟೇ?
4. ಅಂಡಾಶಯಗಳನ್ನು ಉಳಿಸುವಿರಾ? ಇಲ್ಲವಾದರೆ ಏಕೆ?
5. ಪರೀಕ್ಷೆಯ ವರದಿಗಳನ್ನು ಇನ್ನೊಬ್ಬ ವೈದ್ಯರಿಗೆ ತೋರಿಸಲು ಕೊಡುವಿರಾ?

ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಮೊದಲಿನವರಿಗೆ ಮಾಡಿದ ಅವಮಾನವಲ್ಲ. ಒಂದು ಜೊತೆ ಎತ್ತು ಕೊಳ್ಳುವ ಮೊದಲು ನಾಲ್ಕು ಜನರನ್ನು ಕೇಳುತ್ತೀರಿ. ಮನೆಯೊಡತಿಯ ದೇಹದ ವಿಷಯದಲ್ಲಿ ಇಬ್ಬರನ್ನಾದರೂ ಕೇಳಬೇಡವೇ?

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ತಿಳಿಸಿರಿ; ಅವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವರು. ಅಲ್ಲಿಂದ ನಿಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ, ಇನ್ನೂ ಬೇಕಾದರೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ಹರಪನಹಳ್ಳಿಯ ಕಡೆಯವರಿಗೆ ದಾವಣಗೆರೆಯ ಚಿಗಟೇರಿ ಜನರಲ್ ಆಸ್ಪತ್ರೆಯೂ ಉಂಟು. ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ. ಪಡಿತರ ಚೀಟಿ, ಆಧಾರ್ ಚೀಟಿಗಳನ್ನು ಜೊತೆಗೊಯ್ದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯವನ್ನು ವಿಚಾರಿಸಿರಿ. ಒಂದೇ ಸಮನೆ ರಕ್ತ ಹೋಗಿ ತಲೆಸುತ್ತು ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿರಿ. ಹಳೆಯ ಚೀಟಿ, ಸ್ಕ್ಯಾನಿಂಗ್ ವರದಿಗಳನ್ನು ಎಸೆಯದೆ ಒಂದು ಚೀಲದಲ್ಲಿ ಜೋಪಾನವಾಗಿಡಿ; ಕೆಲಸಕ್ಕೆಂದು ಪರಊರಿಗೆ ಹೋಗುವಾಗ ಅದೂ ನಿಮ್ಮೊಡನಿರಲಿ.

ಪತಿಯ ಕರ್ತವ್ಯ

ಸಹೋದರರೇ, ಮುಟ್ಟಿನ ವಿಷಯ ಹೆಂಗಸರದು ಎಂದು ಮುಖ ತಿರುಗಿಸಬೇಡಿ. ಪತ್ನಿ ಬಿಳಿಚಿಕೊಂಡಿದ್ದಾಳೆಯೇ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಾಳೆಯೇ ಎಂದು ಗಮನಿಸಿರಿ. ಆಸ್ಪತ್ರೆಗೆ ಅವಳೊಡನೆ ಹೋಗಿರಿ. ವೈದ್ಯರು ಹೇಳಿದ್ದನ್ನು ಇಬ್ಬರೂ ಕೇಳಿರಿ. ಆದರೆ ದೇಹ ಅವಳದು. ಒಪ್ಪಿಗೆಯೂ ಅವಳದೇ ಆಗಿರತಕ್ಕದ್ದು.

ಓದಿದ ಮೇಲೆ ನೀವಿಬ್ಬರೂ ಚರ್ಚಿಸಿರಿ

ಅ) ನಮ್ಮ ಮನೆಯಲ್ಲಿ ಯಾರಾದರೂ ಇಂಥ ತೊಂದರೆಯನ್ನು ಹೇಳಲಾರದೆ ಸಹಿಸುತ್ತಿದ್ದಾರೆಯೇ?
ಆ) ಕಳೆದ ಐದು ವರ್ಷಗಳಲ್ಲಿ ಗರ್ಭಕಂಠದ ಪರೀಕ್ಷೆ ಆಗಿದೆಯೇ?
ಇ) ಸಂತಾನಹರಣ ಚಿಕಿತ್ಸೆಗೂ ಗರ್ಭಕೋಶ ತೆಗೆಯುವುದಕ್ಕೂ ಇರುವ ಭೇದವನ್ನು ನೆರೆಮನೆಯವರಿಗೆ ತಿಳಿಸಬಲ್ಲೆವೇ?

ಗರ್ಭಕೋಶದ ತೊಂದರೆಗಳು ಬಹುತೇಕ ಗುಣವಾಗತಕ್ಕವು. ಬೇಗ ತೋರಿಸಿರಿ, ಕೇಳಿ ತಿಳಿಯಿರಿ, ಆಮೇಲೆ ನಿರ್ಧರಿಸಿರಿ. ತೆಗೆದದ್ದನ್ನು ಮತ್ತೆ ಜೋಡಿಸಲಾಗದು. ಆದುದರಿಂದ ಅದು ಮೊದಲ ಮದ್ದಾಗದೆ ಕಡೆಯ ಮದ್ದಾಗಿರಲಿ.